ಕೌದಿಯ ಕಾಲ್ದೆಸೆ

ಆ ಬೆಳಿಗ್ಗೆಯೂ ಎಂದಿನ ಹಾಗೆಯೇ ಶುರುವಾಯಿತು. ಹಂಡೆಯ ಒಲೆಗೆ ತೊಗರಿ ಕಡ್ಡಿ ತುರುಕಿ, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, ಮಕ್ಕಳಿಬ್ಬರಿಗೂ ನೀರು ಹಾಕಿ, ಯಜಮಾನರಿಗೆ ಅಕ್ಕಿರೊಟ್ಟಿ ತಟ್ಟಿದೆ. ಅವರು ಕಾಫಿಯ ಕೊನೆಯ ಗುಟುಕನ್ನು ಲೋಟದಲ್ಲೇ ಬಿಟ್ಟು ರಾಗಿ ಮಂಡಿಗೆ ಹೊರಟರು. ಆ ಕೊನೆಯ ಗುಟುಕನ್ನು ಅವರು ಯಾರಿಗಾಗಿ ಬಿಡುತ್ತಾರೆಂಬುದು ಹನ್ನೊಂದು ವರ್ಷವಾದರೂ ನನಗೆ ತಿಳಿದಿಲ್ಲ. ಹುಣಸೂರಿನ ಧನುರ್ಮಾಸದ ಚಳಿಗೆ ಅತ್ತೆಯವರು ಹಣೆತುಂಬ ವಿಭೂತಿ ಧರಿಸಿ, ಜಗಲಿಗೆ ಬಿಸಿಲು ಬರುವುದನ್ನೇ ಕಾಯುತ್ತಾ, ಸೆರಗನ್ನು ಕಿವಿಯವರೆಗೂ ಎಳೆದುಕೊಂಡು ಕುಳಿತಿದ್ದರು. ನಾನು ನಡುಮನೆಯಲ್ಲಿ ಕೌದಿಯನ್ನು ಹರಡಿಕೊಂಡೆ. ಇನ್ನು ಒಂದು ಗೇಣು ಅಂಚು ಹೊಲಿದರೆ ಮುಗಿಯಿತು. ಸೂಜಿಗೆ ದಾರ ಪೋಣಿಸಿದೆ.

ಈ ಕೌದಿಗೆ ಮೂಲ ನನ್ನ ಟ್ರಂಕು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಓದಿದ್ದಕ್ಕಿಂತ ಕಸೂತಿ ಹಾಕಿದ್ದೇ ಹೆಚ್ಚು. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ಬಟ್ಟೆಯ ಮೇಲ್ಭಾಗವನ್ನು ನೋಡುತ್ತಲೇ ಇರಲಿಲ್ಲ. ಮಗುಚಿ ಹಾಕಿ ಹಿಂಬದಿಯ ಗಂಟುಗಳನ್ನು ಎಣಿಸುತ್ತಿದ್ದರು. ಹಾಗೆ ಗಂಟಿಲ್ಲದಂತೆ ಹೊಲಿದ ಟ್ರೇ ಬಟ್ಟೆಗಳು, ಟೇಬಲ್ ಕ್ಲಾತು, ಕುರ್ಚಿಯ ಬೆನ್ನಿಗೆ ಹಾಕುವವು, ದಿಂಬಿನ ಗವಸುಗಳು ಎಲ್ಲವನ್ನೂ ಟ್ರಂಕಿನಲ್ಲಿ ತುಂಬಿಕೊಂಡು ಮದುವೆಯಾಗಿ ಈ ಮನೆಗೆ ಬಂದೆ. ಬಂದು ನೋಡಿದರೆ ಇಲ್ಲಿ ಟೇಬಲ್ಲೇ ಇಲ್ಲ. ಮಣೆ ಇದೆ, ಎಲೆ ಇದೆ. ಟ್ರೇ ಇಲ್ಲ, ಕುರ್ಚಿ ಒಂದಿದೆ, ಅದರ ಬೆನ್ನು ಮುರಿದಿದೆ. ಟೀ ಪಾತ್ರೆ ಬೆಚ್ಚಗಿರಲೆಂದು ಹೊಲಿದ ಹತ್ತಿಯ ಕುಲಾವಿಯೊಂದಕ್ಕೆ ಮಾತ್ರ ಕೆಲಸ ಸಿಕ್ಕಿತು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲಿನ ಗಡಿಗೆಗೆ ಅತ್ತೆಯವರು ಅದನ್ನು ತೊಡಿಸುತ್ತಾರೆ; ಮೊಸರು ಗಟ್ಟಿಯಾಗಿ ಕೂಡುತ್ತದೆ. ಉಳಿದ ಕಸೂತಿಯೆಲ್ಲ ಹನ್ನೊಂದು ವರ್ಷ ನಿರುದ್ಯೋಗಿಯಾಗಿ ಮಲಗಿತ್ತು. ಕಳೆದ ತಿಂಗಳು ಟ್ರಂಕು ತೆರೆದಾಗ ಟೇಬಲ್ ಕ್ಲಾತಿನ ಒಂದು ಮೂಲೆಯನ್ನು ಹುಳು ತಿಂದಿತ್ತು. ಆ ತೂತಿನಲ್ಲಿ ಬೆರಳು ತೂರಿಸಿ ನೋಡಿದೆ. ನನ್ನ ಕೈಕೆಲಸ ಈ ಮನೆಯಲ್ಲಿ ಹುಳುವಿಗಾದರೂ ಬೇಕಾಯಿತಲ್ಲ ಎನಿಸಿತು.

ಆಗಲೇ ಹೊಳೆದದ್ದು ಕೌದಿ. ಅತ್ತೆಯವರು ಹೊದೆಯುವ ದುಪ್ಪಟಿ ಸವೆದೂ ಸವೆದೂ ಅದರೊಳಗಿಂದ ದೀಪ ಕಾಣುವಂತಾಗಿತ್ತು. ಈ ಬಟ್ಟೆಗಳನ್ನೆಲ್ಲ ಕತ್ತರಿಸಿ, ಹಳೆಯ ಚೂರುಪಾರುಗಳನ್ನೂ ಸೇರಿಸಿ, ಅವರಿಗೊಂದು ದಪ್ಪ ಕೌದಿ ಹೊಲಿದುಕೊಡುತ್ತೇನೆ. ಅವರು ಅದನ್ನು ದಿನಾ ಹೊದೆಯಲಿ, ಕಸೂತಿಗೂ ಒಂದು ಗತಿಯಾಗಲಿ, ನನಗೂ ಒಂದು ಒಳ್ಳೆಯ ಮಾತು ಸಿಗಲಿ ಎಂದು ಆಸೆ. ಅತ್ತೆ ಕೆಟ್ಟವರಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ‘ಪರವಾಗಿಲ್ಲ’ ಎಂಬುದು, ಅದೂ ಉಪ್ಪುಸಾರಿಗೆ. ಕೌದಿಯ ಒಳಗೆ ತುಂಬಲು ಅಗಲವಾದ ಹಳೆಯ ಬಟ್ಟೆ ಬೇಕಾಯಿತು. ಕೇಳಿದ ತಕ್ಷಣ ಅತ್ತೆ ತಮ್ಮ ದುಪ್ಪಟಿಯನ್ನೇ ಮಡಿಸಿ ಕೊಟ್ಟರು. “ತಕ್ಕೋ, ಒಸದು ಬತ್ತದಲ್ಲ,” ಎಂದರು. ಅಲ್ಲಿಂದಾಚೆಗೆ ಎರಡು ಸೀರೆ ಜೋಡಿಸಿ ಹೊದ್ದು ಮಲಗಿದರು.

ಕತ್ತರಿಸುವುದು ಕಷ್ಟವಾಗಲಿಲ್ಲ, ಅಳು ಬಂತು ಅಷ್ಟೆ. ನಿಜವಾದ ಕಷ್ಟ ಶುರುವಾದದ್ದು ಜೋಡಿಸುವಾಗ. ತುಂಡುಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಅತ್ತೆ ಬಂದು, ಕಾಲಿನ ಕಡೆಗೆ ಬರುವ ಒಂದು ದಿಂಬಿನ ಗವಸನ್ನು ತೋರಿಸಿ ಕೇಳಿದರು:

“ಇದ್ರಲ್ಲಿ ಏನಮ್ಮ ಬರ್ದಿರೋದು?”

“ಗುಡ್ ನೈಟ್ ಅಂತ, ಅತ್ತೆ.”

“ಅಕ್ಸರ ತಾನೆ. ಸರಸ್ವತಿ ಕಣಮ್ಮ. ಕಾಲ್ದೆಸೆಗೆ ಮಡಗಿದ್ದೀಯಲ್ಲ.”

“ಅದು ಇಂಗ್ಲಿಷು, ಅತ್ತೆ.”

“ಇಂಗ್ಲೀಸಿಗೆ ಬ್ಯಾರೆ ಸರಸ್ವತಿ ಇದ್ದಾಳಾ?”

ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಗುಡ್ ನೈಟ್ ತಲೆಯ ಕಡೆಗೆ ಹೋಯಿತು. ಅದರ ಜಾಗಕ್ಕೆ ತಾವರೆ ಇಟ್ಟೆ, ತಾವರೆ ಲಕ್ಷ್ಮಿ. ನವಿಲು ಇಟ್ಟೆ, ನವಿಲು ಸುಬ್ರಹ್ಮಣ್ಯನ ಸವಾರಿ. ಮೊಲವೊಂದಿತ್ತು, ಬಾಲದಲ್ಲಿ ಬಿಳಿಯ ಗಂಟು ಹಾಕಿ ನಾನು ಬಹಳ ಮುದ್ದಾಗಿ ಹೊಲಿದದ್ದು. ಮೊಲಕ್ಕೆ ಯಾವ ದೇವರೂ ಇಲ್ಲವೆಂದು ಧೈರ್ಯವಾಗಿ ಇಟ್ಟರೆ, ಪಕ್ಕದ ಮನೆಯ ಲಕ್ಕಮ್ಮನವರು ಗೋಡೆಯಾಚೆಯಿಂದಲೇ ಇಣುಕಿ, “ಮೊಲ ಚಂದ್ರನೊಳಗೆ ಅದೆ, ಚಂದ್ರ ಶಿವನ ತಲೆ ಮ್ಯಾಲೆ ಅವ್ನೆ. ನೋಡ್ಕ ಮತ್ತೆ,” ಎಂದು ಹೇಳಿ ತಮ್ಮ ಮೆಣಸಿನಕಾಯಿ ಹರಡಲು ಹೋದರು. ಲಕ್ಕಮ್ಮ ಗಾವಡಗೆರೆಯ ಕಡೆಯವರು, ನಮ್ಮ ಅತ್ತೆಯ ವಾರಿಗೆಯವರು. ಅವರ ಮಾತಿಗೆ ಅತ್ತೆ ತಲೆಯಾಡಿಸಿದ ಮೇಲೆ ಮುಗಿಯಿತು. ಮೊಲವೂ ಮೇಲಕ್ಕೆ ಹೋಯಿತು.

ಕೊನೆಗೆ ಉಳಿದವರು ಮೂವರು ದೊರೆಸಾನಿಯರು. ಮುಖ ಕಾಣದಂತೆ ದೊಡ್ಡ ಟೋಪಿ ಹಾಕಿ, ಕೊಡೆ ಹಿಡಿದು, ಹೂವಿನ ಗಿಡಗಳ ನಡುವೆ ನಿಂತವರು. ಇವರನ್ನು ಯಾವ ದೇವರೂ ಕೇಳಲಾರನೆಂದು ಸಾಲಾಗಿ ಕಾಲ್ದೆಸೆಗೆ ನಿಲ್ಲಿಸಿದೆ. ಅತ್ತೆ ಬಗ್ಗಿ ನೋಡಿದರು. ಒಬ್ಬಳ ಕೊಡೆಯ ಮೇಲೆ ಬೆರಳಾಡಿಸಿದರು.

“ಎಂಗಸ್ರು ಕಣಮ್ಮ. ಯಾರ ಮನೆ ಎಂಗಸ್ರಾದ್ರೂ ಎಂಗಸ್ರೇ. ಒದೀಬಾರ್ದು.”

ದೊರೆಸಾನಿಯರೂ ಮೇಲಕ್ಕೆ ಹೋದರು. ನಿಜ ಹೇಳಬೇಕೆಂದರೆ ಅವರನ್ನು ಅಲ್ಲೇ ಇಡುವ ಮನಸ್ಸು ನನಗೂ ಬರಲಿಲ್ಲ. ಯಜಮಾನರ ಹಳೆಯ ಷರಟು ಹಾಕೋಣವೆಂದರೆ, ಗಂಡನ ಅಂಗಿಯನ್ನು ಕಾಲಿಗೆ ಹಾಕುವ ಸೊಸೆಯೆಂದು ಗೋಡೆಯಾಚೆಗೂ ಸುದ್ದಿಯಾಗುತ್ತಿತ್ತು. ಹೀಗೆ ಎಂಟು ದಿನ ಇಡುವುದು, ತೆಗೆಯುವುದು, ಬಿಚ್ಚುವುದು. ಕಡೆಗೆ ಟ್ರಂಕಿನ ತಳದಲ್ಲಿ ನನ್ನ ಕಾನ್ವೆಂಟಿನ ನೀಲಿ ಲಂಗ ಸಿಕ್ಕಿತು. ಅದನ್ನು ಉದ್ದಕ್ಕೆ ಸೀಳಿ ಕಾಲ್ದೆಸೆಗೆ ಪಟ್ಟಿಯಾಗಿ ಹೊಲಿದೆ. ಯಾರೂ ಏನೂ ಅನ್ನಲಿಲ್ಲ. ನನ್ನ ಲಂಗವನ್ನು ಒದೆಯಲು ಎಲ್ಲರ ಒಪ್ಪಿಗೆ ಇತ್ತು.

ಅಂತೂ ಆ ಬೆಳಿಗ್ಗೆ ಕೊನೆಯ ಗೇಣನ್ನು ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ, ಕೌದಿಯನ್ನು ಹೊತ್ತುಕೊಂಡು ಹೋಗಿ ಜಗಲಿಯ ಮೇಲೆ ಅತ್ತೆಯವರ ಮುಂದೆ ಹರಡಿದೆ. ಅವರು ಅಂಗೈಯನ್ನು ಸೀರೆಗೆ ಒರೆಸಿಕೊಂಡು ಆಮೇಲೆ ಮುಟ್ಟಿದರು. ಬಸವಣ್ಣ ಮೈ ಸವರಿಸಿಕೊಳ್ಳುವಂತೆ ಕೌದಿ ಸವರಿಸಿಕೊಂಡು ಬಿದ್ದಿತ್ತು.

“ಬೋ ಚೆಂದಾಗದೆ ಕಣಮ್ಮ,” ಎಂದರು ಅತ್ತೆ.

ಹನ್ನೊಂದು ವರ್ಷಕ್ಕೆ ಬಂದ ಮಾತು. ಅದನ್ನು ನಾನು ಸರಿಯಾಗಿ ಸವಿಯುವುದಕ್ಕೂ ಮೊದಲೇ ಅವರು ಮುಂದುವರಿಸಿದರು. “ಎತ್ತಿಡು. ಒದ್ಕಂಡ್ರೆ ಮಾಸೋಯ್ತದೆ. ಮಗೀನ ಮದುವೇಗೆ ಆಯ್ತದೆ.”

ಆ ಮಗು ಅಂದರೆ ನನ್ನ ಮಗಳು; ಅವಳಿಗೆ ಆರು ವರ್ಷ, ಬಿದ್ದುಹೋದ ಮುಂದಿನ ಎರಡು ಹಲ್ಲು ಇನ್ನೂ ಬಂದಿಲ್ಲ.

“ನೀವು ಹೊದೆಯಲಿ ಅಂತಲೇ ಹೊಲಿದದ್ದು, ಅತ್ತೆ.”

“ನಾನಾ? ಇಂತಾದ್ದ ಒದ್ಕಂಡ್ರೆ ನಿದ್ದೆ ಬಂದಾತಾ? ಮಗ್ಗುಲು ಬದಲಾಯ್ಸಕ್ಕೂ ಭಯವಾಯ್ತದೆ.”

ಎಂಟು ದಿನ ಅವರೊಂದಿಗೆ ವಾದಿಸಿ ಸೋತವಳಿಗೆ ಇನ್ನೊಂದು ವಾದ ಕಟ್ಟುವ ಶಕ್ತಿ ಇರಲಿಲ್ಲ. ಅವರೇ ಎದ್ದು ಕೌದಿಯನ್ನು ನಾಲ್ಕು ಮಡಿಕೆ ಮಾಡಿದರು, ದೊರೆಸಾನಿಯರ ಮೇಲೆ ಮಡಿಕೆಯ ಗೆರೆ ಬೀಳದಂತೆ. ಅವರೇ ಟ್ರಂಕಿನಲ್ಲಿಟ್ಟು, ನಾಲ್ಕು ನುಸಿಗುಳಿಗೆ ಹಾಕಿ, ಮುಚ್ಚಳ ಅದುಮಿದರು. ಮೊದಲು ನನ್ನ ಕಸೂತಿ ಬಿಡಿಬಿಡಿಯಾಗಿ ಮಲಗಿತ್ತು, ಈಗ ಒಟ್ಟಾಗಿ ಮಲಗಿತು. ನಾನು ಮೂರು ವಾರ ಹೊಲಿದು ಮಾಡಿದ ಬದಲಾವಣೆ ಇಷ್ಟೆ.

ಆ ದಿನವೆಲ್ಲ ನಾನು ನನ್ನ ದುಃಖದಲ್ಲೇ ಇದ್ದೆ. ಈರುಳ್ಳಿ ಬೇಕಿಲ್ಲದ ಸಾರಿಗೂ ಈರುಳ್ಳಿ ಹೆಚ್ಚಿದೆ. ಬಟ್ಟೆ ಕತ್ತರಿಸಿದ್ದು ಹೋಯಿತು, ಲಂಗವೂ ಹೋಯಿತು, ನನ್ನ ಕೈಕೆಲಸದಿಂದ ಬೆಚ್ಚಗಾದ ಜೀವ ಈ ಮನೆಯಲ್ಲಿ ಒಂದೂ ಇಲ್ಲ ಎಂದು ಲೆಕ್ಕ ಹಾಕಿ ಹಾಕಿ ಕಣ್ಣೊರೆಸಿಕೊಂಡೆ. ಬೇರೆ ಯಾರ ಚಳಿಯೂ ನನಗೆ ನೆನಪಾಗಲಿಲ್ಲ.

ಸಂಜೆ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ಲಕ್ಕಮ್ಮನವರು ಒಣಗಿದ ಮೆಣಸಿನಕಾಯಿಯನ್ನು ಮೊರಕ್ಕೆ ಬಾಚಿಕೊಳ್ಳುತ್ತಾ, ಮುಖವನ್ನೂ ಎತ್ತದೆ ಹೇಳಿದರು:

“ನಿಮ್ಮತ್ತೆ ಮದ್ಯಾನ ಬಂದು ನಮ್ಮ ಹಳೇ ಕಂಬಳಿ ಇಸ್ಕಂಡೋದ್ರು ಕಣವ್ವ. ಚಳಿ ಕಳೆಯೋಗಂಟ ಇರ್ಲಿ ಅಂದ್ರು. ಇದ್ದ ಒಂದು ದುಪ್ಪಟೀನೂ ಸೊಸೆ ಚೆಂದ ಮಾಡ್ಬುಟ್ಳಂತೆ.”