ಯುಗೆಟ್ ಅಜ್ಜಿಗೆ ನಾನು ಕೊಡದ ಸಂಬಳ

ಕರಡಿಗೆ ನಾನು ಹೆದರುವವನಲ್ಲ. ನಮ್ಮ ಅಲ್ಮಾ ಊರಿನ ಕಸದ ತೊಟ್ಟಿಯಲ್ಲಿ ಅದು ಭೋಜನ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ (ಕಿಟಕಿ ಮುಚ್ಚಿತ್ತು). ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿಗೂ ಹೆದರುವುದಿಲ್ಲ. ಆದರೆ ಫೋನಿನಲ್ಲಿ ಯಾರಾದರೂ ಮೆತ್ತಗಿನ ದನಿಯಲ್ಲಿ "ತೆರಿಗೆ ಇಲಾಖೆಯಿಂದ ಮಾತಾಡ್ತಿದ್ದೀನಿ ಸರ್" ಎಂದರೆ ಸಾಕು, ಕೂತಲ್ಲಿಂದೆದ್ದು ಕೈಕಟ್ಟಿ ನಿಂತು ಶರಣಾಗತಿ ಘೋಷಿಸಿಬಿಡುತ್ತೇನೆ.

ಇದಕ್ಕೆಲ್ಲ ಮೂಲ ಗಯೆತಾನ್. ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ನನ್ನ ಪಕ್ಕದ ಕುಲುಮೆಯವನು. ಒಂದು ಮಧ್ಯಾಹ್ನ ಬಟಾಣಿ ಸೂಪು ಹೀರುತ್ತ, ಮಗು ನೋಡಿಕೊಳ್ಳುವವಳಿಗೆ ಕೊಟ್ಟ ಹಣದಲ್ಲಿ ಬಹುಪಾಲು ತೆರಿಗೆ ರಿಯಾಯಿತಿಯಾಗಿ ವಾಪಸು ಬಂತೆಂದೂ, ಅದರಲ್ಲಿ ದೋಣಿಗೊಂದು ಮೋಟಾರು ಕೊಂಡೆನೆಂದೂ ಹೇಳಿದ. ನನ್ನ ಸೂಪು ಆರಿತು, ತಲೆ ಬಿಸಿಯಾಯಿತು.

ನಮ್ಮ ಮಗಳು ಫ್ಲಾವಿಗೆ ಮೂರು ವರ್ಷ. ಸರ್ಕಾರಿ ಶಿಶುವಿಹಾರದ ಸರದಿಯಲ್ಲಿ ಅವಳು ಎಷ್ಟು ಹಿಂದಿದ್ದಾಳೆಂದರೆ, ಕರೆ ಬರುವ ಹೊತ್ತಿಗೆ ತನ್ನ ಮಗುವನ್ನೇ ಸೇರಿಸಬಹುದು. ಹಾಗಾಗಿ ನಾನೂ ನನ್ನ ಹೆಂಡತಿ ನೊಎಮಿಯೂ ಕೆಲಸಕ್ಕೆ ಹೋದಾಗ ಅವಳನ್ನು ನೋಡಿಕೊಳ್ಳುವವರು ಪಕ್ಕದ ಮನೆಯ ಯುಗೆಟ್ ಅಜ್ಜಿ. ಎಪ್ಪತ್ತೆಂಟು ವರ್ಷ, ಒಂಟಿ ಜೀವ, ಗಟ್ಟಿಗಿತ್ತಿ. ಅವರು ಬಾಗಿಲು ಹಾಕಿಕೊಂಡ ದಿನ ನಮ್ಮಿಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು (ಯಾರೆಂದು ನೊಎಮಿ ಆಗಲೇ ತೀರ್ಮಾನಿಸಿದ್ದಾಳೆ). ದುಡ್ಡು ಕೊಡಹೋದರೆ ಅಜ್ಜಿ ಉಗಿಯುತ್ತಾರೆ. ಅದರ ಬದಲು ನವೆಂಬರಿನಲ್ಲಿ ಹಿಮ ಶುರುವಾದಾಗಿನಿಂದ ಚಳಿಗಾಲವಿಡೀ ಅವರ ಅಂಗಳದ, ಮೆಟ್ಟಿಲಿನ, ಮಾಡಿನ ಹಿಮ ಎತ್ತಿಹಾಕುವವನು ನಾನು. ಅವರ ಕಾರಿಗೆ ಚಳಿಗಾಲದ ಗುಡಾರ ಕಟ್ಟುವವನೂ ನಾನೇ.

"ನೊಎಮಿ, ನಾನು ಎತ್ತಿದ ಹಿಮಕ್ಕೆ ಬೆಲೆ ಕಟ್ಟಿದ್ರೆ, ಅದೇ ಅಜ್ಜಿಗೆ ಕೊಟ್ಟ ಸಂಬಳ ಆಗಲ್ವಾ?"

"ಅವರ ಕೈಗೆ ಯಾವತ್ತಾದ್ರೂ ಒಂದು ಡಾಲರ್ ಇಟ್ಟಿದ್ದೀಯಾ?"

"ಡಾಲರ್ ಇಟ್ಟಿಲ್ಲ. ಐದು ಸಾವಿರ ಡಾಲರಿನ ಬೆನ್ನುನೋವು ತಗೊಂಡಿದ್ದೀನಿ."

"ಸಿಕ್ಕಿಬಿದ್ರೆ ನನ್ನ ಹೆಸರು ಎತ್ತಬೇಡ ಮಾರಾಯ. ಜೈಲಿಗೆ ಉಣ್ಣೆ ಕಾಲುಚೀಲ ಕಳಿಸ್ತೀನಿ, ಅಷ್ಟೇ."

ಎದೆ ಗಟ್ಟಿ ಮಾಡಿಕೊಂಡು, ಮಗು ನೋಡಿದ್ದಕ್ಕೆ ಐದು ಸಾವಿರ ಸಂದಿದೆ ಎಂಬ ರಸೀದಿ ಬರೆದುಕೊಂಡು ಅಜ್ಜಿಯ ಬಳಿ ಸಹಿಗೆ ಹೋದೆ. ಯಾಕೆ, ಏನು, ಎಷ್ಟು ಎಂದು ಕೇಳದೆ ಅವರು ಸಹಿ ಹಾಕಿಬಿಟ್ಟರು. "ಹಾಗೇ ಇಲ್ಲೊಂದು ನೀನೂ ಹಾಕಪ್ಪ" ಎಂದು ಇನ್ನೊಂದು ಕಾಗದ ಸರಿಸಿದರು. ಮೈಯೆಲ್ಲ ಕಳ್ಳತನ ತುಂಬಿಕೊಂಡವನು ಓದುತ್ತ ಕೂರುತ್ತಾನೆಯೆ? ಹಾಕಿ ಓಡಿ ಬಂದೆ.

ಅರ್ಜಿ ಹೋಯಿತು. ಅದರ ಹಿಂದೆಯೇ ನನ್ನ ನಿದ್ದೆಯೂ ಹೋಯಿತು. ಮುಂಜಾನೆ ಹಿಮ ಗುಡಿಸುವ ಪುರಸಭೆಯ ಲಾರಿ ದೀಪ ಮಿಣುಕಿಸುತ್ತ ಬಂದರೆ, ನನ್ನನ್ನು ಹಿಡಿಯಲು ಇಷ್ಟು ದೊಡ್ಡ ಗಾಡಿ ಬೇಕಿತ್ತೇ ಎನ್ನಿಸುತ್ತಿತ್ತು. ಅಂಚೆಯವನು ಕೆಮ್ಮಿದರೆ ನಾನು ಸ್ನಾನದ ಮನೆಯಲ್ಲಿರುತ್ತಿದ್ದೆ. "ಹೊರಗೆ ಬಾ, ಹೋದ ಅವನು" ಎಂದು ನೊಎಮಿ ದಿನಾ ಬಾಗಿಲು ತಟ್ಟುತ್ತಿದ್ದಳು.

ಏಪ್ರಿಲಿನಲ್ಲಿ ಫೋನು ಬಂತು. ಅದೇ ಮೆತ್ತಗಿನ ದನಿ.

"ನಿಮ್ಮ ಪಕ್ಕದ ಮನೆಯ ಮಾದಾಮ್ ಯುಗೆಟ್ ಅವರ ವಿಚಾರವಾಗಿ ಒಂದು ಪ್ರಶ್ನೆ ಇತ್ತು ಸರ್..."

ಪ್ರಶ್ನೆ ಬರುವ ತನಕ ಕಾಯುವುದಕ್ಕೂ ಧೈರ್ಯ ಬೇಕಲ್ಲ!

"ಕೊಟ್ಟಿಲ್ಲ ಮೇಡಂ! ಮಗು ನೋಡ್ಕೊಂಡಿದ್ದಕ್ಕೆ ಬಿಡಿಗಾಸೂ ಕೊಟ್ಟಿಲ್ಲ! ಅವರು ಮಗು ನೋಡಿದ್ರು, ನಾನು ಹಿಮ ಎತ್ತಿದೆ, ದುಡ್ಡು ಅನ್ನೋದು ಆ ಕಡೆ ಈ ಕಡೆ ಓಡಾಡೇ ಇಲ್ಲ! ಅಜ್ಜಿ ಪಾಪ, ಅಮಾಯಕರು!"

ಆ ಕಡೆ ಕಾಗದ ಮಗುಚುವ ಸದ್ದು.

"ಯಾವ ಮಗು ಸರ್?" ಎಂದಿತು ದನಿ. "ನಾನು ಫೋನ್ ಮಾಡಿದ್ದು ಹಿಮದ ವಿಷಯಕ್ಕೆ. ವಯಸ್ಸಾದವರು ಮನೆಗೆಲಸ ಮಾಡಿಸಿಕೊಂಡ್ರೆ ಅವರಿಗೂ ರಿಯಾಯಿತಿ ಇದೆಯಲ್ಲ? ಹಿಮ ಎತ್ತಿದ್ದಕ್ಕೆ ನಿಮಗೆ ಐದು ಸಾವಿರ ಕೊಟ್ಟೆ ಅಂತ ಅವರು ಬರೆದಿದ್ದಾರೆ. ನಿಮ್ಮ ಸಹಿನೂ ಇದೆ. ಆ ಆದಾಯ ನೀವು ಯಾಕೆ ತೋರಿಸಿಲ್ಲ ಅಂತ ಕೇಳೋಣ ಅಂದ್ಕೊಂಡೆ. ಈಗ ಎಲ್ಲಾ ಅರ್ಥ ಆಯ್ತು. ಇಬ್ಬರೂ ಅರ್ಜಿ ತಿದ್ದಿ ಕಳಿಸಿ. ಮಗುವಿನ ವಿಷಯ ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್."

ಒಂದೇ ಉಸಿರಿನಲ್ಲಿ ಎರಡು ಮನೆಗಳ ರಿಯಾಯಿತಿಯನ್ನು ಮುಳುಗಿಸಿದ ಮಹಾಪುರುಷ ನಾನು. ಇನ್ನು ಅಜ್ಜಿಯ ಬಾಗಿಲು! ಹೋಗಿ ತಟ್ಟಿದೆ.

"ಕೇಳೋಕೆ ಮುಂಚೆನೇ ಹೇಳ್ಬಿಟ್ಯಾ?" ಎಲ್ಲ ಕೇಳಿದ ಅಜ್ಜಿ ಸೊಂಟದ ಮೇಲೆ ಕೈಯಿಟ್ಟರು. "ಲೋ ಪುಕ್ಕಲ! ನನಗೆ ಮಾಡಿದ್ರು ಮೊನ್ನೆ ಫೋನು. ಕಿವಿ ಕೇಳಿಸಲ್ಲ ಅಂತ ಇಟ್ಟುಬಿಟ್ಟೆ."

"ಅಜ್ಜಿ, ಫ್ಲಾವಿ... ನಾಳೆಯಿಂದ..."

"ಮಗು ಏನು ಮಾಡಿತು ಪಾಪ? ಬರ್ಲಿ. ಆದ್ರೆ ಇನ್ಮೇಲೆ ಎಲ್ಲಾ ಕಾನೂನು ಪ್ರಕಾರ. ವಾರಕ್ಕೆ ನೂರೈವತ್ತು ನೀನು ಮಗುಗೆ ಕೊಡು, ನೂರೈವತ್ತು ನಾನು ಹಿಮಕ್ಕೆ ಕೊಡ್ತೀನಿ. ರಸೀದಿ ನಿಜದ್ದು, ರಿಯಾಯಿತಿ ಇಬ್ರಿಗೂ. ಬರೆದುಕೊಡು."

ಇಂಥ ಬುದ್ಧಿ ನನಗೇಕೆ ಹೊಳೆಯಲಿಲ್ಲ! ಕಾಲಿಗೆ ಬೀಳುವುದೊಂದು ಬಾಕಿ. ಬರೆದುಕೊಟ್ಟೆ. ಮೊದಲ ಶುಕ್ರವಾರ ನಾನು ಕೊಟ್ಟ ನೋಟುಗಳೇ ಅಜ್ಜಿಯ ಕೈಯಿಂದ ಬೆಚ್ಚಗೆ ಮರಳಿ ಬಂದವು. ಮರುವಾರವೂ ಬಂದವು. "ನೋಡಿದ್ಯಾ?" ಎಂದು ನೊಎಮಿಯ ಮುಂದೆ ಬೀಸಿ ತೋರಿಸಿದೆ. ಅವಳು ಹೊರಗಿನ ಬಿಸಿಲು ನೋಡಿದಳು. ಆ ನೋಟದ ಅರ್ಥ ನನಗಾಗ ಆಗಲಿಲ್ಲ.

ಮೇ ಬಂತು. ಹಿಮ ಕರಗಿತು. ಮಗು ಕರಗಲಿಲ್ಲ.

ಶುಕ್ರವಾರ ನನ್ನ ನೋಟುಗಳು ಹೋದವು; ಹಿಂತಿರುಗಲಿಲ್ಲ.

"ಅಜ್ಜಿ, ಹುಲ್ಲು ಕತ್ತರಿಸಿಕೊಡ್ಲಾ?"

"ಬೇಡಪ್ಪ. ಹುಲ್ಲು ನಾನೇ ಕತ್ತರಿಸ್ಕೋತೀನಿ. ಮೈಗೊಂದಿಷ್ಟು ವ್ಯಾಯಾಮ ಬೇಡ್ವಾ?"

ಈಗ ಊರಿಗೆ ಊರೇ ತುಂಡುತೋಳಿನ ಅಂಗಿ ತೊಟ್ಟು ಕೆರೆಯ ದಂಡೆಯಲ್ಲಿ ಮೈ ಕಾಯಿಸುತ್ತಿದೆ. ನಾನು ಕಿಟಕಿಯಲ್ಲಿ ನಿಂತು ಸೂರ್ಯನನ್ನು ನೋಡಿ ನಡುಗುತ್ತಿದ್ದೇನೆ.

"ಏನು ನೋಡ್ತಿದ್ದೀಯ ಅಷ್ಟು ಹೊತ್ತಿಂದ?" ಎಂದಳು ನೊಎಮಿ.

"ನವೆಂಬರ್ ಏನಾದ್ರೂ ಬರ್ತಿದೆಯಾ ಅಂತ."