ಒಳಗೊಳಗೇ ಬಿಗಿಹಿಡಿಯಲು ಕಲಿಸಿದ ಶಾಂತಲಾ ಮೇಡಂ ಅವರ ಮೇಲೊಂದು ದೂರು

ಮಾನ್ಯರೇ,

ಮೈಸೂರಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಕಲಿಸುವ ತಮ್ಮ ಸನ್ನಿಧಾನಕ್ಕೆ, ಮಿರ್ಲೆ ಪಕ್ಕದ ನಮ್ಮೂರಿನ ಹಾಲಿನ ಡೇರಿಯ ಅಧ್ಯಕ್ಷನೂ ಅರವತ್ತಾರು ತುಂಬಿದವನೂ ಆದ ಮಂಚಯ್ಯನು ಎರಡೂ ಕೈ ಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನಾನು ಅಳಲಿಲ್ಲ. ಆಪರೇಷನ್ ಆದ ಮೇಲೆ ಕೆಲವು ತಿಂಗಳು ಮೂತ್ರ ಹಿಡಿತಕ್ಕೆ ಸಿಗದಿರಬಹುದು ಎಂದಾಗ ಅಳು ಬಂತು. ಅದಕ್ಕೇ ನನ್ನನ್ನು ತಮ್ಮ ಕೋಣೆಗೆ ಕಳಿಸಿದರು. ನನ್ನ ಮಗಳ ವಯಸ್ಸಿನ ತಾವು, "ಮೂತ್ರ ತಡೆಯೋ ಹಾಗೆ ಒಳಗೆ ಬಿಗಿಹಿಡೀರಿ, ಐದು ಎಣಿಸಿ, ಸಡಿಲ ಬಿಡಿ. ದಿನಕ್ಕೆ ಮೂರು ಹೊತ್ತು, ಹತ್ತತ್ತು ಸಲ" ಎಂದು ಸಾವಧಾನವಾಗಿ ವಿವರಿಸುವಾಗ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತಿದ್ದೆ. "ಅರ್ಥ ಆಯ್ತಾ?" ಎಂದಿರಿ. "ಆಯ್ತು ಕಣವ್ವ" ಎಂದೆ. ಆಗಿರಲಿಲ್ಲ. ನಾಚಿಕೊಂಡ ಗಂಡಸಿನ ಮಾತನ್ನು ನಂಬಿದ್ದು ತಮ್ಮ ಮೊದಲನೆಯ ಅಪರಾಧ.

"ಎಲ್ಲಿ ಕೂತಾದ್ರೂ ಮಾಡಿ, ಯಾರಿಗೂ ಗೊತ್ತಾಗಲ್ಲ" ಎಂದಿದ್ದು ಎರಡನೆಯದು. ಡೇರಿ ಸಭೆಯಲ್ಲಿ ಉಸಿರು ಕಟ್ಟಿ, ಹಲ್ಲು ಕಚ್ಚಿ, ಹೊಟ್ಟೆ ಉಬ್ಬಿಸಿ ಶುರು ಮಾಡಿದೆ. ನನ್ನ ಕೆಂಪಾದ ಮುಖ ಕಂಡು ಎದುರಿಗಿದ್ದ ಸದಸ್ಯ ಹುಚ್ಚಯ್ಯ ನಡುಗಿ ಎದ್ದು ನಿಂತ: "ಅಂಗ್ ನೋಡ್ಬ್ಯಾಡಿ ಅಧ್ಯಕ್ಷ್ರೇ, ಆಲಿಗೆ ನೀರು ಬೆರ್ಸಿದ್ದು ನಿಜ, ಆದ್ರೆ ಒಂದೇ ದಿನ ಕಣ್ರೀ!" ಆಡಳಿತದಲ್ಲಿ ಇಷ್ಟು ಬಿಗಿ ನಾನು ಹಿಂದೆಂದೂ ತೋರಿಸಿರಲಿಲ್ಲ.

ಜಗಲಿಯ ಮೇಲೆ ಇದೇ ಸಾಹಸ ಕಂಡ ನನ್ನ ಹೆಂಡತಿ ರಾಚಮ್ಮ ಗದರಿಸಿ ವಿಷಯ ಹೊರಗೆಳೆದಳು. ಮೊದಲು ನಕ್ಕಳು. ಆಮೇಲೆ, "ಉಸ್ರು ಬುಡಿ ಮೊದ್ಲು. ಒಟ್ಟೆ ಅಲ್ಲ, ಅದ್ರ ಕೆಳಗೆ. ಮೂರ್ನೇ ಎರಿಗೇಲಿ ನರ್ಸಮ್ಮ ಬಾಗ್ಲಲ್ಲಿ ನಿಂತ್ಕಂಡೇ ಯೋಳಿದ್ಲು" ಎಂದಳು. ನಿನಗೇಕೆ ಹೇಳಿದಳು ಎಂದು ನಾನು ಕೇಳಿದೆ. "ಕೆಮ್ಮಿದ್ರೆ ಸೀರೆ ಒದ್ದೆಯಾಗೋದು. ಮದ್ವೆ ಮನೆಗೆ ಬರಕಿಲ್ಲ ಅಂದ್ರೆ ನೀವು ಕೊಬ್ಬು ಅಂತಿದ್ರಿ."

ಅನ್ನುತ್ತಿದ್ದೆ, ಮೇಡಂ. ಮೂವತ್ತು ವರ್ಷ ಅಂದಿದ್ದೆ. ಆ ಹೊತ್ತು ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಅಂದಿನಿಂದ ಆಪರೇಷನ್ ದಿನದವರೆಗೆ ಇಬ್ಬರೂ ಜಗಲಿಯಲ್ಲಿ ಅಕ್ಕಪಕ್ಕ ಕುಳಿತು ಮಾಡಿದೆವು. ಅವಳು ಎಣಿಸಿದಳು, ನಾನು ವಿಧೇಯನಾದೆ. ಆಪರೇಷನ್ನಿನಲ್ಲಿ ಹಾಕಿದ್ದ ಮೂತ್ರದ ಟ್ಯೂಬು ತೆಗೆದ ಮೇಲೆ ಸೋರಿದ್ದು ನಿಜ. ಪಂಚೆಯೊಳಗೆ ಮಡಿಸಿದ ಬಟ್ಟೆ ಇಟ್ಟುಕೊಂಡು, ನೀರು ಕುಡಿಯಲೂ ಹೆದರಿ ವಾರಗಟ್ಟಲೆ ಮನೆಯಲ್ಲೇ ಉಳಿದೆ. ಆದರೂ ರಾಚಮ್ಮ ಎಣಿಸುವುದನ್ನು ಬಿಡಲಿಲ್ಲ. ಹತ್ತನೆಯ ವಾರ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಜೋರಾಗಿ ಸೀನಿದೆ. ಪಂಚೆ ಒಣಗಿಯೇ ಇತ್ತು. ಈ ಮಹಾಸಾಧನೆಯನ್ನು ಯಾರಿಗೂ ಸಾರುವಂತಿಲ್ಲವೆಂಬ ಸಂಕಟದಿಂದಲೇ ಈ ಬಹಿರಂಗ ಪತ್ರ.

ಆದ್ದರಿಂದ ನನ್ನ ಬೇಡಿಕೆಗಳು: "ಅರ್ಥ ಆಯ್ತು" ಎನ್ನುವ ಗಂಡಸರನ್ನು ಮತ್ತೊಮ್ಮೆ ಕೇಳದೆ ಬಾಗಿಲು ದಾಟಿಸಬಾರದು. ತಾವು ಒಮ್ಮೆ ನಮ್ಮೂರಿಗೆ ಬಂದು, ಹಾಲು ಹಾಕಲು ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಕುರ್ಚಿ ಹಾಕಿಸಿ, ನನಗೆ ಕಲಿಸಿದಷ್ಟೇ ಸಾವಧಾನವಾಗಿ ಕಲಿಸಬೇಕು. ಕುರ್ಚಿ ಹೊರುವವನು ಅಧ್ಯಕ್ಷನೇ.

ಇಂತಿ, ಈಗ ಧೈರ್ಯವಾಗಿ ಸೀನುವ,
ತಮ್ಮ ವಿಶ್ವಾಸಿ,
ಮಂಚಯ್ಯ

ಮರೆತ ಮಾತು: ಈ ಪತ್ರ ಓದಿ ನಗಲಿರುವ ಐವತ್ತು ದಾಟಿದ ಮಹನೀಯರು ದಯವಿಟ್ಟು ಮೊದಲು ಬಿಗಿಹಿಡಿದುಕೊಂಡು, ಆಮೇಲೆ ನಗತಕ್ಕದ್ದು.