ಸಾಹೇಬರ ಮೊಣಕಾಲು

ತಾಪತ್ರಯಕ್ಕೆಲ್ಲ ಮೂಲ ಒಂದೇ ಒಂದು ಪ್ರಶ್ನೆ. ಹದಿನೆಂಟು ವರ್ಷ ಪರದೇಶದಲ್ಲಿ ಲಿಫ್ಟ್ ರಿಪೇರಿ ಮಾಡಿ, ಇನ್ನು ಊರಲ್ಲೇ ಸ್ವಂತ ಕಸುಬು ನಡೆಸೋಣವೆಂದು ಬಂದಿದ್ದ ಮೆಕ್ಯಾನಿಕ್, ಪರವಾನಗಿ ಕಚೇರಿಯ ಬಾಗಿಲಲ್ಲಿ ನಿಂತು, ಲಿಫ್ಟ್ ಎಲ್ಲಿದೆ ಎಂದು ಕೇಳಿದ. ಜವಾನ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಟ್ಟಿಲು ತೋರಿಸಿದ. ಲಿಫ್ಟ್ ಕೆಟ್ಟು ನಾಲ್ಕು ವರ್ಷವಾಗಿತ್ತು. ಅದರ ಬಾಗಿಲಿಗೆ ಪೊರಕೆ ಒರಗಿಸಿದ್ದರು.

ಜೊತೆಗೆ ಅಕ್ಕನ ಗಂಡ, ಅಂದರೆ ಭಾವ, ಬಂದಿದ್ದರು. ಕಚೇರಿಗಳಲ್ಲಿ ಹೇಗೆ ಮಾತಾಡಬೇಕೆಂದು ತಮಗೊಬ್ಬರಿಗೇ ಗೊತ್ತು ಎಂಬುದು ಅವರ ನಂಬಿಕೆ. ಐದು ಮಹಡಿ ಹತ್ತಿ, ಇಬ್ಬರೂ ತಿದಿಯ ಹಾಗೆ ಏದುಸಿರು ಬಿಡುತ್ತ ಗುಮಾಸ್ತನ ಮುಂದೆ ನಿಂತರು. ಕಡತದಲ್ಲಿ ಕೊರತೆಯೇನೂ ಇಲ್ಲ, ಸಾಹೇಬರ ಸಹಿಯೊಂದೇ ಬಾಕಿ, ಆದರೆ ಮೆಟ್ಟಿಲು ಹತ್ತಿ ಹತ್ತಿ ಅವರ ಮೊಣಕಾಲು ಹೋಗಿದೆ, ಮೊಣಕಾಲು ನೋಯುವಾಗ ಪೆನ್ನು ಓಡುವುದಿಲ್ಲ ಎಂದು ಗುಮಾಸ್ತ ಮೇಜಿನ ಗಾಜು ಒರೆಸುತ್ತ ಹೇಳಿದ.

"ಅಷ್ಟೇನಾ? ನಮ್ಮ ಹುಡುಗ ಸಂಜೆ ಒಳಗೆ ಲಿಫ್ಟ್ ಸರಿ ಮಾಡ್ಕೊಡ್ತಾನೆ ಬಿಡಿ," ಅಂದರು ಭಾವ.

ಲಂಚ ಕೊಡುವುದಿಲ್ಲವೆಂದು ವಿಮಾನದಲ್ಲೇ ಶಪಥ ಮಾಡಿದ್ದ ಮೆಕ್ಯಾನಿಕ್ ಅವರನ್ನು ಮೂಲೆಗೆ ಎಳೆದ.

"ಭಾವ, ಇದೂ ಲಂಚಾನೇ."

"ಲಂಚ ಅಂದ್ರೆ ಕೈಗೆ ಕೊಡೋದು ಕಣೋ. ಇದು ತಾರಸಿ ಮೇಲೆ ಮಾಡೋ ಕೆಲಸ."

ಅಂಗಡಿಗೆ ಬೋರ್ಡು ಬರೆಸಿಯಾಗಿತ್ತು. ನಾಳೆಯೇ ಬಾಗಿಲು ತೆರೆಯುತ್ತೇವೆಂದು ಹೆಂಡತಿ ಬೀದಿಗೆಲ್ಲ ಹೇಳಿಬಿಟ್ಟಿದ್ದಳು. ಮೆಕ್ಯಾನಿಕ್ ಅಂಗಿಯ ತೋಳು ಮಡಚಿದ.

ತಾರಸಿಯ ಯಂತ್ರದ ಕೋಣೆಯಲ್ಲಿ ಪಾರಿವಾಳಗಳು ಮಕ್ಕಳು ಮೊಮ್ಮಕ್ಕಳ ಸಮೇತ ಸಂಸಾರ ಹೂಡಿದ್ದವು. ಅವುಗಳನ್ನು ಒಕ್ಕಲೆಬ್ಬಿಸಿ ಮೋಟಾರು ಬಿಚ್ಚುವಷ್ಟರಲ್ಲಿ ಕಚೇರಿಯಲ್ಲಿ ಸುದ್ದಿ ಹರಡಿತು. ಮೂರನೇ ಮಹಡಿಯವರು ಫ್ಯಾನಿಗೆ ಕರೆದರು, ಎರಡನೆಯವರು ನೀರಿನ ಪಂಪಿಗೆ. ಟೈಪಿಸ್ಟಮ್ಮ ಮನೆಗೆ ಹೋಗಿ ಹೊಲಿಗೆ ಯಂತ್ರವನ್ನೇ ಹೇರಿಸಿಕೊಂಡು ಬಂದರು. ಭಾವ ಕೆಳಗೆ ಟೀ ಕುಡಿಯುತ್ತ ಎಲ್ಲಕ್ಕೂ ಹೂಂ ಅನ್ನುತ್ತಿದ್ದರು.

ನಾಲ್ಕೂಮುಕ್ಕಾಲಿಗೆ ಲಿಫ್ಟ್ ಐದನೇ ಮಹಡಿಗೆ ಬಂದು ನಿಂತಿತು. ಕೆಳಗಿಳಿದ ಮೇಲೆಯೇ ಸಹಿ ಎಂದು ಸಾಹೇಬರು ಕಡತವನ್ನು ಕಂಕುಳಲ್ಲಿಟ್ಟುಕೊಂಡು ಒಳಹೊಕ್ಕರು. ಹಿಂದೆಯೇ ಗುಮಾಸ್ತ, ಟೈಪಿಸ್ಟಮ್ಮ, ಹೀಗೆ ಆರು ಜನರ ಲಿಫ್ಟಿಗೆ ಹನ್ನೆರಡು ಜನ ತುಂಬಿಕೊಂಡರು. ಮೆಕ್ಯಾನಿಕ್ ಬೇಡ ಬೇಡವೆಂದು ಕೈಮುಗಿಯುತ್ತಿದ್ದಂತೆ, ಇನ್ನೊಬ್ಬರಿಂದ ಏನಾಗುತ್ತದೆ ಎಂದು ಭಾವನೂ ನುಗ್ಗಿದರು. ಮೂರನೇ ಮಹಡಿ ದಾಟಿ ಲಿಫ್ಟ್ ಹಠ ಹಿಡಿದ ಎಮ್ಮೆಯ ಹಾಗೆ ನಿಂತುಬಿಟ್ಟಿತು.

ಮೆಕ್ಯಾನಿಕ್ ತಾರಸಿಗೆ ಓಡಿ, ಕೈಯಿಂದಲೇ ಚಕ್ರ ತಿರುಗಿಸುತ್ತ, ಬಾವಿಗೆ ಕೊಡ ಬಿಟ್ಟ ಹಾಗೆ ಹದಿಮೂರು ಜನರನ್ನು ಗೇಣು ಗೇಣಾಗಿ ಇಳಿಸಿದ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೈಗುಳಕ್ಕೆ ತಯಾರಾಗಿಯೇ ಕೆಳಗೆ ಬಂದ. ಆದರೆ ಬೆವರಲ್ಲಿ ಅದ್ದಿ ತೆಗೆದಂತಿದ್ದ ಸಾಹೇಬರು, ಜೀವ ಉಳಿಸಿದೆಯಪ್ಪಾ ಎಂದು ಅವನ ಕೈಹಿಡಿದು, ಭಾವನ ಬೆನ್ನ ಮೇಲೆ ಕಡತವಿಟ್ಟು ಸಹಿ ಹಾಕಿ, ಕಾರು ಹತ್ತಿ ಹೊರಟರು.

ಮೆಕ್ಯಾನಿಕ್‌ಗೆ ಕಣ್ಣು ತುಂಬಿ ಬಂತು. ಮುದ್ರೆ ಒತ್ತಿಸಲು ಕಡತವನ್ನು ಗುಮಾಸ್ತನಿಗೆ ಕೊಟ್ಟ. ಗುಮಾಸ್ತ ಸಹಿ ನೋಡಿದ, ಗೋಡೆಯ ಗಡಿಯಾರ ನೋಡಿದ, ಮುದ್ರೆಯನ್ನು ಜೇಬಿಗೆ ಇಳಿಸಿದ.

"ಇದು ನಡೆಯಲ್ಲ. ಸಾಹೇಬ್ರು ಇವತ್ತು ಐದು ಗಂಟೆಗೆ ರಿಟೈರ್ ಆದ್ರು. ಈಗ ಐದೂ ಇಪ್ಪತ್ತು."

ಮೆಕ್ಯಾನಿಕ್ ಮೆಟ್ಟಿಲ ಮೇಲೆ ಕುಸಿದು ಕೂತ. ಗುಮಾಸ್ತನಿಗೂ ಪಾಪ ಅನ್ನಿಸಿತು. ನಾಳೆಯೇ ಹೊಸ ಸಾಹೇಬರು ಬರುತ್ತಾರೆ, ಒಳ್ಳೆಯವರು, ಲಿಫ್ಟ್ ಕಂಡರೆ ಅವರಿಗೆ ಭಯವಂತೆ, ಹಾಗಾಗಿ ನೆಲಮಹಡಿಯಲ್ಲೇ ಕೂರುತ್ತಾರಂತೆ ಎಂದು ಸಮಾಧಾನ ಹೇಳಿದ.

ಭಾವ ಬಗ್ಗಿದ್ದ ಬೆನ್ನು ನೆಟ್ಟಗೆ ಮಾಡಿಕೊಂಡು ಗುಮಾಸ್ತನ ಹತ್ತಿರ ಸರಿದರು.

"ಅವರ ಮನೇಲಿ ಏನು ಕೆಟ್ಟಿದೆ, ಸಾರ್?"